ತೋಡಿನ ತಣ್ಣೀರು ಸಾಲದು

ಕೇಳುಗರಿಗೆ ನಮಸ್ಕಾರ. ಕರಿಮೆಣಸನ್ನು ಹಾಗೆಯೇ ಮಾರುವ ಬದಲು ಅದರ ಘಾಟು, ಪರಿಮಳವೆಲ್ಲ ಇರುವ ಗಟ್ಟಿ ಸಾರವಾದ ಓಲಿಯೋರೆಸಿನ್ ತೆಗೆದು ಮಾರೋಣ ಎಂದುಕೊಳ್ಳುವ ಬೆಳೆಗಾರರ ಜೊತೆ ಇವತ್ತು ಒಂದು ಲೆಕ್ಕ ಹಂಚಿಕೊಳ್ಳುತ್ತೇನೆ. ಆ ಕೆಲಸಕ್ಕೆ ಅಸಿಟೋನಿನಂಥ ದ್ರಾವಕ ಬೇಕು. ಅದನ್ನು ತುಂಬಿಡುವ ಟ್ಯಾಂಕಿನ ಗಾಳಿಕೊಳವೆಯಿಂದ ದುಡ್ಡು ಕಣ್ಣಿಗೆ ಕಾಣದೆ ಸೋರುತ್ತದೆ.

ನಮ್ಮ ಕೊಡಗು ತಂಪು ಸೀಮೆ, ಎಷ್ಟು ತಾನೇ ಆವಿಯಾದೀತು ಎನ್ನಿಸಬಹುದು. 25 ಡಿಗ್ರಿಯಲ್ಲೇ ಅಸಿಟೋನಿನ ಆವಿಯ ಒತ್ತಡ ಸುಮಾರು 31 ಕಿಲೋಪಾಸ್ಕಲ್. ಟ್ಯಾಂಕಿನ ಖಾಲಿ ಜಾಗದ ಒಂದೊಂದು ಘನಮೀಟರಿನಲ್ಲೂ 700 ಗ್ರಾಮಿಗಿಂತ ಹೆಚ್ಚು ಅಸಿಟೋನ್ ಬೆರೆತಿರುತ್ತದೆ. ಟ್ಯಾಂಕರಿನಿಂದ 10,000 ಲೀಟರ್ ಇಳಿಸಿದರೆ ಅಷ್ಟೇ ಗಾಳಿ ಹೊರಬೀಳಬೇಕಲ್ಲ? ಅದರ ಜೊತೆ 7 ಕಿಲೋ, ಅಂದರೆ 9 ಲೀಟರಿನಷ್ಟು ಸರಕು ಹೋಯಿತು. ಹಗಲ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಟ್ಯಾಂಕ್ ಬಿಡುವ ಉಸಿರು ಬೇರೆ. ಬೆಂಕಿಯ ಭಯ ಇದ್ದೇ ಇದೆ.

ಇದನ್ನು ಹಿಡಿಯುವುದು ವೆಂಟ್ ಕಂಡೆನ್ಸರ್, ಅಂದರೆ ಗಾಳಿಕೊಳವೆಯಲ್ಲಿ ಹೋಗುವ ಆವಿಯನ್ನು ತಣಿಸಿ ಮತ್ತೆ ದ್ರವ ಮಾಡುವ ಸಾಧನ. ತೋಡಿನ ನೀರೇ ತಣ್ಣಗಿದೆ, ಅದನ್ನೇ ಹರಿಸಿ ದೊಡ್ಡ ಕಂಡೆನ್ಸರ್ ಕೂರಿಸಿದರಾಯಿತು ಎಂದು ಹೊರಟವರಿಗೆ ನಾನು ಒತ್ತಿ ಹೇಳುವ ಮಾತು ಇದು: ಎಷ್ಟು ಸಿಗುತ್ತದೆ ಎಂಬುದನ್ನು ತೀರ್ಮಾನಿಸುವುದು ಹೊರಹೋಗುವ ಗಾಳಿಯ ಉಷ್ಣತೆ. ಮಡಿಕೇರಿಯ ಎತ್ತರದಲ್ಲಿ ಗಾಳಿಯ ಒತ್ತಡ 88 ಕಿಲೋಪಾಸ್ಕಲ್ ಆಸುಪಾಸು. ಅದನ್ನೇ ಹಿಡಿದು ನೋಡಿದರೆ, ಆ ಗಾಳಿಯನ್ನು 20 ಡಿಗ್ರಿಗೆ ಇಳಿಸಿದಾಗ ನೂರರಲ್ಲಿ 28 ಪಾಲು ಮಾತ್ರ ವಾಪಸು. 5 ಡಿಗ್ರಿಗೆ ಇಳಿಸಿ, 70 ಪಾಲು ಸಿಗುತ್ತದೆ. ಅದಕ್ಕೆ ಚಿಲ್ಲರ್, ಅಂದರೆ ತಂಪು ಮಾಡುವ ಯಂತ್ರ, ಬೇಕೇ ಬೇಕು.

ಚಿಲ್ಲರ್ ಎಂದೊಡನೆ ಹೆದರಬೇಡಿ. ಗಂಟೆಗೆ 10 ಘನಮೀಟರ್ ಗಾಳಿಗೆ ಬೇಕಾದ ತಂಪು ಒಂದು ಕಿಲೋವ್ಯಾಟಿನ ಒಳಗೇ. ಆದರೆ ಆವಿಯ ಜೊತೆ ಗಾಳಿ ಇರುವುದರಿಂದ ಶಾಖ ನಿಧಾನವಾಗಿ ದಾಟುತ್ತದೆ. ಮೈನಸ್ 5 ಡಿಗ್ರಿಯ ಬ್ರೈನ್, ಅಂದರೆ ಹೆಪ್ಪುಗಟ್ಟದ ಉಪ್ಪುನೀರು, ಕೊಟ್ಟರೂ ಸುಮಾರು 1 ಚದರ ಮೀಟರ್ ಕೊಳವೆಯ ಮೈ ಬೇಕಾದೀತು. ಗಾಳಿಯ ಪ್ರಮಾಣವನ್ನು ಮಾತ್ರ ಸರಾಸರಿಗೆ ಹಿಡಿಯಬೇಡಿ. ಪಂಪಿನ ಪೂರ್ತಿ ವೇಗ, ಅದರ ಮೇಲೆ ಬಿಸಿಲಿನ ಉಸಿರು, ಎರಡನ್ನೂ ಕೂಡಿಸಿ. ಬೆಂಕಿ ಹತ್ತದಿರಲೆಂದು ಟ್ಯಾಂಕಿಗೆ ನೈಟ್ರೋಜನ್ ಬಿಡುತ್ತಿದ್ದರೆ ಅದನ್ನೂ ಸೇರಿಸಿ. ಟ್ಯಾಂಕರಿಗೂ ಟ್ಯಾಂಕಿಗೂ ಆವಿ ಮರಳುವ ಕೊಳವೆ ಜೋಡಿಸಿದರೆ ಇಳಿಸುವಾಗಿನ ನಷ್ಟ ಬಹುಪಾಲು ಅಲ್ಲೇ ನಿಲ್ಲುತ್ತದೆ. ಕಂಡೆನ್ಸರಿಗಿಂತ ಮೊದಲು ಮಾಡಬೇಕಾದ ಅಗ್ಗದ ಕೆಲಸ ಅದು.

ಇನ್ನು ನಮ್ಮ ಮಳೆ. ಜುಲೈ-ಆಗಸ್ಟಿನ ಕಕ್ಕಡದ ದಿನಗಳಲ್ಲಿ ಟ್ಯಾಂಕ್ ಒಳಗೆಳೆದುಕೊಳ್ಳುವುದು ನೀರಿನಂಶ ತುಂಬಿದ ಗಾಳಿ. ಹೆಕ್ಸೇನಿನಂಥ, ನೀರಿನೊಡನೆ ಬೆರೆಯದ ದ್ರಾವಕವಾದರೆ, ಸೊನ್ನೆಗಿಂತ ತಣ್ಣಗಿನ ಕೊಳವೆಯ ಮೇಲೆ ಆ ನೀರು ಹಿಮಗಟ್ಟಿ ದಾರಿ ಮುಚ್ಚುತ್ತದೆ. ಶೇಖರಣಾ ಟ್ಯಾಂಕಿನ ತಗಡು ಹೆಚ್ಚು ಒತ್ತಡ ತಡೆಯುವಂಥದ್ದಲ್ಲ. ಆದ್ದರಿಂದ ಒತ್ತಡ ಏರಿದರೂ ಇಳಿದರೂ ತೆರೆದುಕೊಳ್ಳುವ ಸುರಕ್ಷಾ ವಾಲ್ವನ್ನು ಟ್ಯಾಂಕಿನ ಮೇಲೆಯೇ ಪ್ರತ್ಯೇಕವಾಗಿ ಕೂರಿಸಿ, ಕಂಡೆನ್ಸರಿನ ಆಚೆಗೆ ಖಂಡಿತ ಬೇಡ. ಮಳೆಗಾಲ ಹಿಡಿಯುವ ಮೊದಲು ಆ ವಾಲ್ವನ್ನು ಬಿಚ್ಚಿ ಒರೆಸಿ, ಅದರೊಳಗಿನ ತಟ್ಟೆ ಸಲೀಸಾಗಿ ಏಳುತ್ತದೆಯೇ ಎಂದು ನೋಡಿ. ನಮಸ್ಕಾರ.