ಬ್ಯಾಡಗಿಯ ಗುಮಾಸ್ತರು, ವಾಷಿಂಗ್ಟನ್ನಿನ ಚಪ್ಪಾಳೆ

ನಮಸ್ಕಾರ. ಇವತ್ತು ಗುರುವಾರ, ಬ್ಯಾಡಗಿಯಲ್ಲಿ ಮಾರ್ಕೆಟ್ ದಿನ. ಹಾಗಾಗಿ ಮೆಣಸಿನಕಾಯಿಯಿಂದಲೇ ಶುರು ಮಾಡುತ್ತೇನೆ, ಆಮೇಲೆ ಅಮೆರಿಕಕ್ಕೆ ಹೋಗೋಣ.

ನಮ್ಮ ಪರಿಚಯದವರದೊಂದು ದಲಾಲಿ ಅಂಗಡಿ ಇತ್ತು. ಹೆಸರು ಬೇಡ ಬಿಡಿ. ಅಲ್ಲಿ ಬಹಳ ವರ್ಷದಿಂದ ಒಬ್ಬರು ಗುಮಾಸ್ತರಿದ್ದರು. ಚೀಲದೊಳಗೆ ಮೊಣಕೈವರೆಗೂ ಕೈ ಹಾಕಿ, ತಳದಿಂದ ಒಂದು ಕಾಯಿ ತೆಗೆದು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಬೀಜ ಗಲಗಲ ಅಂದರೆ ಒಣಗಿದ ಮಾಲು. ಸದ್ದು ಬರಲಿಲ್ಲ ಅಂದರೆ ರೈತನ ಮುಖ ನೋಡಿ, ‘ಯಾಕ್ರೀ ಗೌಡ್ರ, ರಾತ್ರಿ ನಿಮ್ಮೂರಾಗ ಅಷ್ಟ ಮಳಿ ಆಗಿತ್ತೇನು?’ ಅನ್ನುತ್ತಿದ್ದರು. ತೂಕಕ್ಕೆ ನೀರು ಹೊಡೆದವನು ನಕ್ಕು ತಲೆ ಕೆರೆದುಕೊಳ್ಳುತ್ತಿದ್ದ. ಜಗಳ ಅಲ್ಲಿಗೇ ಮುಗೀತು.

ಮಾಲೀಕರ ಮಗ ಕುರ್ಚಿಗೆ ಬಂದ. ಕಂಪ್ಯೂಟರ್ ತಂದ. ಇಬ್ಬರ ಕೆಲಸ ಒಬ್ಬರಿಂದ ಆಗುತ್ತೆ ಅಂದ. ಗುಮಾಸ್ತರ ಲೆಕ್ಕ ಚುಕ್ತಾ ಮಾಡಿ ಕಳಿಸಿದ. ಹುಡುಗ ದಡ್ಡನಲ್ಲ, ಅವನ ಲೆಕ್ಕ ಸರಿಯಾಗೇ ಇತ್ತು. ಮುಂದಿನ ಸೀಸನ್ನಿಗೆ ಎಷ್ಟೋ ರೈತರು ಪಕ್ಕದ ಅಂಗಡಿ ಮುಂದೆ ಚೀಲ ಇಳಿಸಿದರು. ಯಾಕಂದರೆ ಗುಮಾಸ್ತರು ಅಲ್ಲಿ ಕೂತಿದ್ದರು.

ಈಗ ಅಮೆರಿಕ. 2025ರ ಜುಲೈ 11, ಶುಕ್ರವಾರ. ಅವರ ವಿದೇಶಾಂಗ ಇಲಾಖೆ ಒಂದೇ ದಿನ 1,300ಕ್ಕೂ ಹೆಚ್ಚು ಜನರಿಗೆ ಕೆಲಸದಿಂದ ತೆಗೆದ ನೋಟಿಸ್ ಕೊಟ್ಟಿತು. ಅವರಲ್ಲಿ 246 ಮಂದಿ ದೇಶ ದೇಶ ಸುತ್ತಿ ಕೆಲಸ ಮಾಡುವ ವಿದೇಶಾಂಗ ಸೇವೆಯ ಅಧಿಕಾರಿಗಳು. ರಟ್ಟಿನ ಡಬ್ಬಿಯಲ್ಲಿ ಸಾಮಾನು ತುಂಬಿಕೊಂಡು ಹೊರಗೆ ಬಂದರು. ಉಳಿದವರು ಲಾಬಿಯಲ್ಲಿ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಕೆಲವರು ಅಳುತ್ತಿದ್ದರು. ಆ ವಿಡಿಯೊ ನೀವೂ ನೋಡಿರಬಹುದು.

246 ಅಂದರೆ ಎಷ್ಟು? ನಮ್ಮ ಇಡೀ ದೇಶದ ವಿದೇಶಾಂಗ ಸೇವೆಯ, ಅಂದರೆ ಐಎಫ್‌ಎಸ್ ಅಧಿಕಾರಿಗಳು 1,000ದ ಆಸುಪಾಸು. ನಮ್ಮ ಹತ್ತಿರ ಇರುವುದರ ಕಾಲು ಭಾಗವನ್ನು ಅವರು ಒಂದು ಶುಕ್ರವಾರ ಮನೆಗೆ ಕಳಿಸಿದರು!

ಸಚಿವ ಮಾರ್ಕೊ ರೂಬಿಯೊ ಕಡೆಯವರ ವಾದ ಏನಂದರೆ, ಇಲಾಖೆ ದಪ್ಪ ಆಗಿತ್ತು, ಒಂದೇ ಕೆಲಸಕ್ಕೆ ಮೂರು ಕಚೇರಿ ಇದ್ದವು ಅಂತ. ಇರಬಹುದು ರೀ. ಸರ್ಕಾರಿ ಆಫೀಸ್ ನೋಡಿದ ಯಾರೂ ಇದನ್ನ ಪೂರ್ತಿ ಸುಳ್ಳು ಅನ್ನುವುದಿಲ್ಲ. ನನ್ನ ತಕರಾರು ತೆಗೆದ ರೀತಿಯ ಬಗ್ಗೆ. ವ್ಯಕ್ತಿ ನೋಡಿ ತೆಗೆಯಲಿಲ್ಲ, ಕುರ್ಚಿ ನೋಡಿ ತೆಗೆದರು. ಈ ಅಧಿಕಾರಿಗಳಿಗೆ ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ. ಹತ್ತು ವರ್ಷ ಹೊರದೇಶದಲ್ಲಿ ಭಾಷೆ ಕಲಿತು, ಜನ ಕಟ್ಟಿಕೊಂಡು ಬಂದವನು ಆ ಹೊತ್ತಿಗೆ ತಪ್ಪು ಕುರ್ಚಿಯಲ್ಲಿ ಕೂತಿದ್ದ ಅಷ್ಟೆ. ಕುರ್ಚಿ ಹೋಯಿತು, ಜೊತೆಗೆ ಅವನೂ ಹೋದ.

ಅಲ್ಲಿ ಮೇಲಿನವರಿಗೂ ಗ್ಯಾರಂಟಿ ಇಲ್ಲ ಅನ್ನಿ. 2018ರ ಮಾರ್ಚಿನಲ್ಲಿ ಆಗಿನ ಸಚಿವ ರೆಕ್ಸ್ ಟಿಲರ್ಸನ್ ಅವರನ್ನು ತೆಗೆದಿದ್ದನ್ನು ಟ್ರಂಪ್ ಜಗತ್ತಿಗೆ ಹೇಳಿದ್ದು ಟ್ವೀಟ್ ಮಾಡಿ.

ಹಾಗಂತ ನಾವು ನಗುವಂತಿಲ್ಲ. 1987ರ ಜನವರಿ, ದೆಹಲಿ. ಪ್ರಧಾನಿ ರಾಜೀವ್ ಗಾಂಧಿ ಪತ್ರಿಕಾಗೋಷ್ಠಿ ಮಾಡುತ್ತಿದ್ದರು. ಪಾಕಿಸ್ತಾನದ ಪತ್ರಕರ್ತರೊಬ್ಬರು ಏನೋ ಕೇಳಿದರು. ಉತ್ತರದಲ್ಲಿ ರಾಜೀವ್, ಸದ್ಯದಲ್ಲೇ ನೀವು ಹೊಸ ವಿದೇಶಾಂಗ ಕಾರ್ಯದರ್ಶಿ ಜೊತೆ ಮಾತಾಡುತ್ತೀರಿ ಅಂದುಬಿಟ್ಟರು. ಆ ಹುದ್ದೆ ಅಂದರೆ ವಿದೇಶಾಂಗ ಇಲಾಖೆಯ ಅಧಿಕಾರಿಗಳಲ್ಲೇ ಎಲ್ಲರಿಗಿಂತ ಮೇಲಿನದು. ಆಗಿನ ಕಾರ್ಯದರ್ಶಿ ಎ.ಪಿ. ವೆಂಕಟೇಶ್ವರನ್ ಅದೇ ಹಾಲಿನಲ್ಲಿ ಕೂತಿದ್ದರು. ಎಲ್ಲರ ಮುಂದೆ! ಅವರು ರಾಜೀನಾಮೆ ಬರೆದುಕೊಟ್ಟರು. ಮದುವೆ ಮನೆಯಲ್ಲಿ ಪಂಕ್ತಿಯಿಂದ ಎಬ್ಬಿಸುತ್ತಾರಲ್ಲ, ಹಾಗೆ.

2015ರ ಜನವರಿಯಲ್ಲಿ ವಿದೇಶಾಂಗ ಕಾರ್ಯದರ್ಶಿ ಸುಜಾತಾ ಸಿಂಗ್ ಅವರನ್ನು ಅವಧಿ ಮುಗಿಯುವ ಮೊದಲೇ ಇಳಿಸಿ ಎಸ್. ಜೈಶಂಕರ್ ಅವರನ್ನು ತಂದರು. ಜೈಶಂಕರ್ ಜಾಣರು, ಅದರಲ್ಲಿ ಎರಡು ಮಾತಿಲ್ಲ. ಮುಂದೆ ಮಂತ್ರಿಯೇ ಆದರು. ಗೆದ್ದವರು ತಮಗೆ ಬೇಕಾದವರನ್ನು ಇಟ್ಟುಕೊಳ್ಳಲಿ, ಅದಕ್ಕೇ ಅಲ್ವಾ ನಾವು ವೋಟ್ ಹಾಕೋದು? ಆದರೆ ಕೆಳಗೆ ಕೂತವನು ಇದನ್ನೆಲ್ಲ ನೋಡುತ್ತಿರುತ್ತಾನೆ. ಸಾಹೇಬರಿಗೆ ರುಚಿಸದ ವರದಿ ಕಳಿಸಬೇಕಾ ಬೇಡವಾ ಅಂತ ಲೆಕ್ಕ ಹಾಕುತ್ತಾನೆ. ನನಗೆ ಜಾಸ್ತಿ ಭಯ ಇರುವುದು ಅದರದ್ದು.

ದೆಹಲಿ, ವಾಷಿಂಗ್ಟನ್ನಿನ ಸುದ್ದಿ ಹುಬ್ಬಳ್ಳಿಯವರಿಗೆ ಯಾಕೆ ಅಂತ ಕೇಳುತ್ತೀರಿ. 2022ರ ಮಾರ್ಚ್ 1, ಯುದ್ಧ ನಡೆಯುತ್ತಿದ್ದ ಉಕ್ರೇನಿನ ಹಾರ್ಕಿವ್. ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ದಿನಸಿಗೆ ಅಂತ ಹೋಗಿ ಶೆಲ್ ದಾಳಿಯಲ್ಲಿ ತೀರಿಕೊಂಡ. ಆಗ ಅಲ್ಲಿ ಸಿಕ್ಕಿಕೊಂಡ ನಮ್ಮವರನ್ನು ಕರೆತರುವ ಆಪರೇಷನ್ ಗಂಗಾಕ್ಕೆ ನಾಲ್ವರು ಕೇಂದ್ರ ಮಂತ್ರಿಗಳು ಉಕ್ರೇನ್ ಪಕ್ಕದ ದೇಶಗಳಿಗೆ ಹೋಗಿದ್ದರು. ಟಿವಿಯಲ್ಲಿ ಅವರೇ ಕಾಣಿಸಿದರು. ಹೋಗಿದ್ದು ಒಳ್ಳೆಯದೇ.

ಮಾರ್ಚ್ 13ಕ್ಕೆ ನಮ್ಮ ರಾಯಭಾರ ಕಚೇರಿಯೇ ತಾತ್ಕಾಲಿಕವಾಗಿ ಪೋಲೆಂಡಿಗೆ ಸ್ಥಳಾಂತರವಾಯಿತು. ಆ ಹುಡುಗನ ದೇಹ ಇನ್ನೂ ಯುದ್ಧ ನಡೆಯುವ ನಾಡಿನಲ್ಲೇ ಇತ್ತು. ಬೆಂಗಳೂರಿಗೆ ಬಂದದ್ದು 21ರ ಬೆಳಗಿನ ಜಾವ. ಆ ಮೂರು ವಾರ ಶವಾಗಾರಕ್ಕೆ ಫೋನ್ ಮಾಡಬೇಕು, ಅವರ ಭಾಷೆಯಲ್ಲಿ ಕಾಡಿ ಬೇಡಬೇಕು, ಕಾಗದ ಪತ್ರ ಮಾಡಿಸಬೇಕು, ಗಡಿ ದಾಟಿಸಬೇಕು. ಬಾಂಬ್ ಬೀಳುವ ಊರಲ್ಲಿ ಯಾರಿಗೆ ಫೋನ್ ಮಾಡಿದರೆ ಎತ್ತುತ್ತಾರೆ ಅನ್ನೋದು ಯಾವ ಫೈಲಿನಲ್ಲೂ ಬರೆದಿರುವುದಿಲ್ಲ. ಆ ಫೋನ್ ಮಾಡಿದವರ ಹೆಸರು ಹಾವೇರಿಯಲ್ಲಿ ಎಷ್ಟು ಜನಕ್ಕೆ ಗೊತ್ತು?