ಏಜೆನ್ಸಿ ಬದಲಾದರೆ ವಿಮೆ ಯಾಕೆ ತಪ್ಪಬೇಕು?

ಆಕಾಶವಾಣಿ ಹಾಸನದ ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಜಿಲ್ಲೆಯ ಆಸ್ಪತ್ರೆ, ಹಾಸ್ಟೆಲ್, ಕಚೇರಿ, ಕಾರ್ಖಾನೆ ಎಲ್ಲಿಗೆ ಹೋದರೂ ಹೊರಗುತ್ತಿಗೆ ನೌಕರರು ಇದ್ದೇ ಇರುತ್ತಾರೆ. ವಾರ್ಡ್ ಗುಡಿಸುವವರು, ಅಡುಗೆಯವರು, ಸೆಕ್ಯೂರಿಟಿಯವರು, ಕಂಪ್ಯೂಟರ್ ಆಪರೇಟರ್‌ಗಳು. ಕೆಲಸ ಹೇಳುವವರು ಒಬ್ಬರು, ಸಂಬಳ ಹಾಕುವವರು ಇನ್ನೊಬ್ಬರು. ಹಾಜರಿ ಪುಸ್ತಕ ಹಾಸನದಲ್ಲಿ, ಏಜೆನ್ಸಿ ಆಫೀಸು ಬೆಂಗಳೂರಿನಲ್ಲಿ. ಕೆಲಸ ಇರುವಷ್ಟು ದಿನ ಹೇಗೋ ನಡೆದುಹೋಗುತ್ತದೆ. ಕೆಲಸ ಹೋದಾಗ ತೊಂದರೆ ಶುರು.

ಕೆಲಸ ಹೋದವರಿಗೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆಯಲ್ಲಿ ಸಹಾಯಧನ ಇದೆ ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ. 2018ರ ಜುಲೈನಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಬಂತು. ಮೊದಲು ದಿನದ ಸರಾಸರಿ ಸಂಬಳದ ಕಾಲು ಭಾಗ ಕೊಡುತ್ತಿದ್ದರು. ಕೋವಿಡ್ ಕಾಲದಲ್ಲಿ ಅದನ್ನು ಅರ್ಧಕ್ಕೆ ಏರಿಸಿದರು. ಗರಿಷ್ಠ 90 ದಿನ. ಎರಡು ವರ್ಷ ತಿಂಗಳಿಗೆ 26 ದಿನ ದುಡಿದು 13,000 ರೂಪಾಯಿ ತಂದ ಹೆಣ್ಣುಮಗಳಿಗೆ, ಆ ಸಂಬಳವನ್ನೆಲ್ಲ 730 ದಿನಕ್ಕೆ ಹಂಚಿ ಲೆಕ್ಕ ಹಾಕಿದರೆ, ದಿನಕ್ಕೆ ಸುಮಾರು 214ರಂತೆ ಒಟ್ಟು 19,200 ರೂಪಾಯಿಯಷ್ಟು ಆಗುತ್ತದೆ. ಬಾಡಿಗೆ ಕಟ್ಟಿ, ಇನ್ನೊಂದು ಕೆಲಸ ಹುಡುಕಿಕೊಳ್ಳುವಷ್ಟು ಕಾಲಾವಕಾಶ ಅದು. ಕಮ್ಮಿ ಏನಲ್ಲ.

ಆದರೆ ಷರತ್ತು ಇದೆ. ವಿಮೆಗೆ ಸೇರಿ ಎರಡು ವರ್ಷ ಆಗಿರಬೇಕು. ಇಎಸ್‌ಐ ಲೆಕ್ಕದಲ್ಲಿ ವರ್ಷಕ್ಕೆ ಎರಡು ಅವಧಿ, ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕೆಲಸ ಹೋಗುವ ಹಿಂದಿನ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಜಮಾ ಆಗಿರಬೇಕು. ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಒಂದರಲ್ಲಾದರೂ ಅಷ್ಟೇ ಆಗಿರಬೇಕು.

ಈಗ ನೋಡಿ. ಅರಕಲಗೂಡು ಕಡೆಯಿಂದ ದಿನಾ ಬಸ್ಸಿನಲ್ಲಿ ಬಂದು ಆಸ್ಪತ್ರೆಯಲ್ಲಿ ದುಡಿಯುವ ಒಬ್ಬರನ್ನು ನೆನೆಸಿಕೊಳ್ಳಿ. ಆರು ತಿಂಗಳೂ ತಪ್ಪದೆ ಬಂದಿದ್ದಾರೆ. ನಾಲ್ಕು ತಿಂಗಳಾದ ಮೇಲೆ ಟೆಂಡರ್ ಮುಗಿದು ಏಜೆನ್ಸಿ ಬದಲಾಯಿತು. ಹಳೆಯವರು ಅದರಲ್ಲಿ ಎರಡು ತಿಂಗಳದ್ದು ಮಾತ್ರ ಕಟ್ಟಿದ್ದರು, ಅಂದರೆ 52 ದಿನ. ಹೊಸಬರು ಹಳೇ ವಿಮಾ ನಂಬರ್ ಕೇಳದೆ ಸುಮ್ನೆ ಹೊಸ ನಂಬರ್ ಮಾಡಿಸಿದರು. ದಿನಗಳು ಎರಡು ನಂಬರ್‌ಗಳಲ್ಲಿ ಹಂಚಿಹೋದವು. ಅದೇ ವಾರ್ಡು, ಅದೇ ಯೂನಿಫಾರಂ, ಅದೇ ಮೇಲಧಿಕಾರಿ. ಕಾಗದದಲ್ಲಿ ಮಾತ್ರ ಯಾವ ನಂಬರ್‌ನಲ್ಲೂ 78 ದಿನ ತುಂಬಲಿಲ್ಲ. ಅವರ ಸಂಬಳದಿಂದ ತಿಂಗಳು ತಿಂಗಳು ಶೇಕಡಾ 0.75 ಹಿಡಿದಿದ್ದೇನೋ ನಿಜ. ಇದು ನನಗೆ ಅನ್ಯಾಯ ಅಂತಲೇ ಅನ್ನಿಸುತ್ತದೆ.

ಕಾನೂನು ಇದನ್ನು ಮೊದಲೇ ಯೋಚಿಸಿದೆ. 1948ರ ಇಎಸ್‌ಐ ಕಾಯ್ದೆಯ 40ನೇ ಸೆಕ್ಷನ್‌ನಲ್ಲೇ ಇತ್ತು, ಗುತ್ತಿಗೆದಾರರ ಮೂಲಕ ಬಂದವರ ವಂತಿಗೆಯನ್ನೂ ಮೊದಲು ಕಟ್ಟಬೇಕಾದವರು ಮೂಲ ಮಾಲೀಕರೇ, ಅಂದರೆ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯವರೇ ಅಂತ. ಆಮೇಲೆ ಅವರು ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳಬಹುದು. ಆದರೆ ಟೆಂಡರ್ ಕೊಟ್ಟ ಮೇಲೆ ಎಷ್ಟು ಜನ ಚಲನ್ ತೆಗೆದು ನೋಡುತ್ತಾರೆ? 2025ರ ನವೆಂಬರ್‌ನಲ್ಲಿ ಇಂಥ ಹಳೇ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಗುತ್ತಿಗೆ ಕಾರ್ಮಿಕರ ನಿಯಮಗಳಿಗೆ 1970ರ ಕಾಯ್ದೆಯಲ್ಲಿ 20 ಜನರ ಮಿತಿ ಇತ್ತು, ಈಗ ಅದು 50. ಹೀಗಾಗಿ 30 ಜನರನ್ನು ಒದಗಿಸುವ ಸಣ್ಣ ಏಜೆನ್ಸಿಯ ಮೇಲೆ ಕಣ್ಣಿಡುವವರು ಇನ್ನೂ ಕಮ್ಮಿ ಆಗುತ್ತಾರೆ ಅನ್ನೋದು ನನ್ನ ಆತಂಕ.

ಅಮೆರಿಕದಲ್ಲಿ ಇದರದ್ದೇ ಇನ್ನೊಂದು ರೂಪ ಕಂಡಿತ್ತು. ಅಲ್ಲಿ ಜಾಸ್ತಿ ಜನರನ್ನು ತೆಗೆದ ಕಂಪನಿಗೆ ನಿರುದ್ಯೋಗ ವಿಮೆಯ ತೆರಿಗೆ ದರವೂ ಏರುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಕೆಲವರು ಹೊಸ ಹೆಸರಿನಲ್ಲಿ ಕಂಪನಿ ಮಾಡಿ, ನೌಕರರನ್ನು ಲೆಕ್ಕದಲ್ಲಷ್ಟೇ ಅಲ್ಲಿಗೆ ದಾಟಿಸಿದರು. 2004ರಲ್ಲಿ ಅದಕ್ಕೆಂದೇ ಕಾನೂನು ತಂದರು. ಹೆಸರು ಬದಲಾದರೂ ಹಳೇ ಲೆಕ್ಕ ಜೊತೆಗೇ ಬರಬೇಕು ಅಂತ.

ನಮಗೂ ಅದೇ ಬೇಕು, ಅಲ್ವಾ? ಏಜೆನ್ಸಿ ಬಿಲ್ ಪಾಸ್ ಮಾಡುವ ಮುಂಚೆ ಹಿಂದಿನ ತಿಂಗಳ ಚಲನ್ ನೋಡಲಿ. ಒಟ್ಟು ಮೊತ್ತ ನೋಡಿದರೆ ಸಾಲದು, ಹೆಸರು ಹೆಸರಾಗಿ, ಎಷ್ಟು ದಿನ ಅಂತ ನೋಡಬೇಕು. ಏಜೆನ್ಸಿ ಬದಲಾದರೆ ಹಳೇ ವಿಮಾ ನಂಬರ್‌ನಲ್ಲೇ ಮುಂದುವರಿಸುವುದನ್ನು ಟೆಂಡರ್ ಷರತ್ತಿನಲ್ಲೇ ಬರೆಯಲಿ.

ಕೆಲಸದಲ್ಲಿರುವ ಅಕ್ಕಂದಿರೇ, ಅಣ್ಣಂದಿರೇ, ಪ್ರತಿ ತಿಂಗಳ ವಂತಿಗೆ ಮುಂದಿನ ತಿಂಗಳ 15ರೊಳಗೆ ಜಮಾ ಆಗಬೇಕು. ನಿಮ್ಮ ನಂಬರ್ ಹಾಕಿ ಇಎಸ್‌ಐ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಒಂದು ತಿಂಗಳು ಬಿಟ್ಟುಹೋಗಿದ್ದರೂ ಸಂಬಳ ಚೀಟಿ, ಪಾಸ್‌ಬುಕ್ ನಕಲು ಇಟ್ಟು ಇಎಸ್‌ಐ ಶಾಖಾ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಕೆಲಸ ಹೋಗುವ ತನಕ ಕಾಯಬೇಡಿ. ನಮಸ್ಕಾರ.