ಕೊನೆಯ ತೂಬಿನವರೆಗೆ

ಕೇಳುಗರಿಗೆ ನಮಸ್ಕಾರ.

2024ರ ನವೆಂಬರಿನಲ್ಲಿ, ಬಳ್ಳಾರಿಯ ನಮ್ಮ ಮನೆಯಲ್ಲಿ ತಂದೆಯವರು ತೀರಿಕೊಂಡಾಗ ಅವರಿಗೆ ನೂರೊಂದು ವರ್ಷ. ನಾಲ್ಕು ವರ್ಷ ಸೈನಿಕರಾಗಿ, ಮೂರು ದಶಕಕ್ಕೂ ಹೆಚ್ಚು ಕಾಲ ತುಂಗಭದ್ರೆಯ ಅಣೆಕಟ್ಟು ಮತ್ತು ಕಾಲುವೆಗಳ ಕೆಲಸದಲ್ಲಿ, ಉಳಿದಂತೆ ಐದು ಮಕ್ಕಳ ತಂದೆಯಾಗಿ ಬದುಕಿದ ಅವರನ್ನು ಈ ಹೊತ್ತು ನಿಮ್ಮೊಡನೆ ನೆನೆಯಲು ಬಂದಿದ್ದೇನೆ.

ಅವರ ಊರು ಸಿರುಗುಪ್ಪದ ಕಡೆಯ ಎರೆಭೂಮಿಯ ಹಳ್ಳಿ. ಆಗ ಮಳೆಯನ್ನೇ ನಂಬಿ ಜೋಳ, ಹತ್ತಿ ಬೆಳೆಯುತ್ತಿದ್ದ ಸೀಮೆ ಅದು. 1876ರಿಂದ 78ರವರೆಗಿನ ಮಹಾ ಬರದಲ್ಲಿ ಬಳ್ಳಾರಿ ಜಿಲ್ಲೆ ಎಷ್ಟು ಜನರನ್ನು ಕಳೆದುಕೊಂಡಿತೆಂಬ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿಕೊಂಡೇ ಅವರು ಬೆಳೆದರು. 1942ರಲ್ಲಿ ಬೆಂಗಳೂರಿಗೆ ಹೋಗಿ, ಹಲಸೂರು ಕೆರೆಯ ಬಳಿಯ ಮದ್ರಾಸ್ ಸ್ಯಾಪರ್ಸ್ ಎಂಬ ಸೈನ್ಯದ ಎಂಜಿನಿಯರಿಂಗ್ ದಳಕ್ಕೆ ಸೇರಿದರು. ಆ ದಳದ ಸಿಪಾಯಿಗಳನ್ನು 'ತಂಬಿ' ಎಂದು ಕರೆಯುವ ರೂಢಿಯಿದೆ. ನಮ್ಮ ತಂದೆಯವರು ಮೊಮ್ಮಕ್ಕಳನ್ನೂ, ಹೆಣ್ಣು ಗಂಡೆನ್ನದೆ, ಕೊನೆಯವರೆಗೆ ತಂಬಿ ಎಂದೇ ಕರೆಯುತ್ತಿದ್ದರು.

ಬರ್ಮಾದ ಯುದ್ಧದ ಬಗ್ಗೆ ಅವರು ಹೆಚ್ಚು ಮಾತನಾಡಿದವರಲ್ಲ. ಗುಂಡಿನ ಸುದ್ದಿ ತೆಗೆದರೆ ಎದ್ದು ಹೊರಗೆ ಹೋಗುತ್ತಿದ್ದರು, ಸೇತುವೆಯ ಸುದ್ದಿ ತೆಗೆದರೆ ಮಾತ್ರ ಕುಳಿತು ಹೇಳುತ್ತಿದ್ದರು. 1944ರ ಡಿಸೆಂಬರಿನಲ್ಲಿ ಕಲೇವಾ ಎಂಬಲ್ಲಿ ಚಿಂದ್ವಿನ್ ನದಿಗೆ ಬ್ರಿಟಿಷರ ಹದಿನಾಲ್ಕನೆಯ ಸೈನ್ಯದ ಎಂಜಿನಿಯರುಗಳು 1,154 ಅಡಿ ಉದ್ದದ ತೇಲುವ ಬೇಯ್ಲಿ ಸೇತುವೆಯನ್ನು ಹಾಕಿದರು. ಆ ಬಗೆಯ ಸೇತುವೆಗಳಲ್ಲಿ ಅಂದಿಗೆ ಜಗತ್ತಿನಲ್ಲೇ ಅತಿ ಉದ್ದದ್ದು ಅದು. ಹತ್ತು ಅಡಿ ಉದ್ದದ ಒಂದೊಂದು ಉಕ್ಕಿನ ಚೌಕಟ್ಟನ್ನು ಆರಾರು ಜನ ಹೊತ್ತು ತಂದು ಜೋಡಿಸುವ ಕೆಲಸ. ಅಲ್ಲಿಗೆ ಹೋಗುವ ಕೆಸರು ದಾರಿಗೆ ಮರದ ದಿಮ್ಮಿ ಹಾಸುತ್ತಿದ್ದವರಲ್ಲಿ ನಮ್ಮ ತಂದೆಯವರೂ ಒಬ್ಬರು. ಕೊನೆಯ ಗಾಡಿ ದಾಟಿತೆಂದು ಹವಾಲ್ದಾರರು ಬಂದು ಹೇಳುವವರೆಗೆ ತಮ್ಮ ತುಕಡಿಯಲ್ಲಿ ಯಾರೂ ಊಟಕ್ಕೆ ಕೂರುತ್ತಿರಲಿಲ್ಲವೆಂದು ಅವರು ಹೇಳುತ್ತಿದ್ದರು.

ಯುದ್ಧ ಮುಗಿಸಿ ಅವರು ಊರಿಗೆ ಮರಳುವ ಹೊತ್ತಿಗೆ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿತ್ತು. 1945ರ ಫೆಬ್ರವರಿ 28ರಂದು ಆರಂಭವಾದ ಆ ಕೆಲಸ ಎರಡು ಸರ್ಕಾರಗಳದಾಗಿತ್ತು: ಹೊಸಪೇಟೆಯ ದಂಡೆ ಮದ್ರಾಸಿನದು, ಮುನಿರಾಬಾದಿನ ದಂಡೆ ಹೈದರಾಬಾದಿನದು. ಸೈನ್ಯದಲ್ಲಿ ಸರ್ವೆ ಕಲಿತಿದ್ದ ತಂದೆಯವರಿಗೆ ಹೊಸಪೇಟೆಯ ಕಡೆ ಓವರ್‌ಸಿಯರ್ ಕೆಲಸ ಸಿಕ್ಕಿತು. ಸುಣ್ಣ ಮತ್ತು ಸುರ್ಕಿ, ಅಂದರೆ ಇಟ್ಟಿಗೆ ಪುಡಿ, ಅರೆದ ಗಾರೆಯಲ್ಲಿ ಕಲ್ಲಿನ ಮೇಲೆ ಕಲ್ಲು ಕೂರಿಸಿದ ಗೋಡೆ ಅದು. ಆದರೆ ಆ ವರ್ಷಗಳನ್ನು ನೆನೆದಾಗಲೆಲ್ಲ ಅವರ ಮಾತು ಗೋಡೆಯನ್ನು ಬಿಟ್ಟು ಮುಳುಗಿದ ಊರುಗಳ ಕಡೆಗೆ ಹೊರಳುತ್ತಿತ್ತು.

ಜಲಾಶಯದಲ್ಲಿ ಮುಳುಗಿದ್ದು ಸುಮಾರು 90 ಹಳ್ಳಿಗಳು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದ್ದು ಹಾಗೆಯೇ. ನೀರು ಎಲ್ಲಿಯವರೆಗೆ ನಿಲ್ಲುತ್ತದೆಂದು ಮಟ್ಟ ಅಳೆಯುವ ಡಂಪಿ ಲೆವೆಲ್ ಹಿಡಿದು ಗುರುತು ಹಾಕಿಸುತ್ತಿದ್ದ ದಿನಗಳಲ್ಲಿ, ಒಂದು ಮನೆಯ ಮುದುಕಿ ಹೊರಗೆ ಬಂದು, "ನಮ್ಮ ಒಲಿ ಮುಳುಗತೈತೇನಪಾ?" ಎಂದು ಕೇಳಿದಳಂತೆ. ತಂದೆಯವರು ಅಂಕಿಯನ್ನು ಮತ್ತೊಮ್ಮೆ ನೋಡಿ, "ಹೌದವ್ವಾ" ಎಂದರಂತೆ. ಆಕೆ ಒಳಗೆ ಹೋಗಿ ಅವರಿಗೆ ಕುಡಿಯಲು ಒಂದು ತಂಬಿಗೆ ಮಜ್ಜಿಗೆ ತಂದುಕೊಟ್ಟಳು. ಈ ಸಂಗತಿಯನ್ನು ನಾನು ಅವರ ಬಾಯಿಂದ ಹತ್ತಾರು ಸಲ ಕೇಳಿದ್ದೇನೆ. ಒಮ್ಮೆಯೂ ಅವರು ಅದನ್ನು ಕಣ್ಣು ತುಂಬಿಕೊಳ್ಳದೆ ಹೇಳಿದ್ದಿಲ್ಲ.

1953ರಲ್ಲಿ ಕಾಲುವೆಗೆ ನೀರು ಬಂತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ನಿವೃತ್ತಿಯವರೆಗೆ ಅವರ ಕೆಲಸವೆಲ್ಲ ಬಹುಪಾಲು ಕಾಲುವೆಯ ಮೇಲೆ. ಮೇಲ್ಭಾಗದ ಹೊಲಗಳಿಗೆ ಅನುಮತಿ ಇದ್ದದ್ದು ಜೋಳ, ಹತ್ತಿಯಂಥ ಬೆಳೆಗೆ. ಅಲ್ಲಿಯ ರೈತರು ಭತ್ತ ಹಚ್ಚಿದರೆ ಕೆಳಗಿನವರಿಗೆ ನೀರು ಮುಟ್ಟುವುದಿಲ್ಲ ಎಂಬ ಸಂಕಟ ನಮ್ಮ ಭಾಗದ ರೈತರಿಗೆ ಇಂದಿಗೂ ತಿಳಿದದ್ದೇ. ತಂದೆಯವರು ಸೈಕಲ್ ಮೇಲೆ, ಸೈಕಲ್ ಹೋಗದ ಕಡೆ ನಡೆದು, ಉಪಕಾಲುವೆಯ ಕಟ್ಟಕಡೆಯ ತೂಬಿನವರೆಗೆ ಹೋಗಿ ಗೇಜ್ ಓದಿ ಬರುತ್ತಿದ್ದರು. ರಾತ್ರಿ ಕಾಲುವೆ ಕಾಯುವ ಲಸ್ಕರ್ ಬಂದರೆ ಅವರ ಮೊದಲ ಪ್ರಶ್ನೆ ಒಂದೇ: "ಕೊನೀಗೆ ಮುಟ್ಟಿತೇನು?" ಒಮ್ಮೆ ಪ್ರಭಾವಿಯೊಬ್ಬರು ಕಾಲುವೆ ಒಡೆದು ಇಟ್ಟುಕೊಂಡಿದ್ದ ಕಳ್ಳ ಪೈಪನ್ನು ಕೀಳಿಸಿದ್ದಕ್ಕೆ ಅವರಿಗೆ ವರ್ಗವಾಯಿತು. ಅವ್ವ ಮಾತಿಲ್ಲದೆ ಪಾತ್ರೆ ಕಟ್ಟಿದಳು. ಒಲೆ ಕಳೆದುಕೊಂಡವರ ಋಣ ಈ ನೀರಿನಲ್ಲಿದೆ, ಅದನ್ನು ಯಾರೂ ಕದಿಯಬಾರದು ಎಂದು ಅವರು ನಮಗೆ ಹೇಳಿದ್ದು ಆ ದಿನ ಲಾರಿಯಲ್ಲಿ ಕುಳಿತಾಗ.

ಮನೆಯಲ್ಲಿಯೂ ಅವರು ಹಾಗೆಯೇ ಇದ್ದರು. ಐದು ಮಕ್ಕಳು ಉಂಡು, ಕೆಲಸದಾಕೆಗೆ ಬಡಿಸಿ, ಅವ್ವ ತಟ್ಟೆ ಹಾಕಿಕೊಂಡ ಮೇಲೆಯೇ ಅವರು ರೊಟ್ಟಿ ಮುರಿಯುತ್ತಿದ್ದರು. ಗಂಡಸರು ಮೊದಲು ಉಣ್ಣುವ ಆ ಕಾಲದಲ್ಲಿ ನೆಂಟರಿಗೆ ಇದು ವಿಚಿತ್ರವೆನಿಸುತ್ತಿತ್ತು. ನಾವು ಮೂವರು ಹೆಣ್ಣುಮಕ್ಕಳೂ ಕಾಲೇಜು ಓದಿದೆವು. ಅವ್ವನಿಗೆ ಪಾರ್ಶ್ವವಾಯು ಬಡಿದ ಮೇಲೆ ಆರು ವರ್ಷ, ತಾವೇ ಎಂಬತ್ತು ದಾಟಿದ್ದರೂ, ಅವಳ ತಲೆ ಬಾಚುವುದನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ.

ನಿವೃತ್ತಿಯ ನಂತರ ಪ್ರತಿ ಮಳೆಗಾಲದಲ್ಲಿ ಬಾನುಲಿಯಲ್ಲಿ ಹೇಳುವ ಜಲಾಶಯದ ಮಟ್ಟ, ಒಳಹರಿವು, ಹೊರಹರಿವುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದರು. ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ರ ಸುಮಾರಿಗೆ ಇಳಿದದ್ದು ಅವರಿಗೆ ಮನೆಯವರ ಕಾಯಿಲೆಯಷ್ಟೇ ನೋವು ಕೊಟ್ಟಿತ್ತು. 2024ರ ಆಗಸ್ಟ್ 10ರ ರಾತ್ರಿ, 33 ಗೇಟುಗಳಲ್ಲಿ ಹತ್ತೊಂಬತ್ತನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತಂದೆಯವರು ಅನ್ನ ಬಿಟ್ಟರು. ಹರಿಯುವ ನೀರಿನಲ್ಲೇ ಉಕ್ಕಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದ ತಂಡ ನೀರನ್ನು ನಿಲ್ಲಿಸಿದ ಸುದ್ದಿಯನ್ನು ನಾನು ಅವರ ಕಿವಿಯ ಹತ್ತಿರ ಗಟ್ಟಿಯಾಗಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಎರಡನೇ ಬೆಳೀಗೆ ಕೊನೀಗೆ ಮುಟ್ಟತೈತೇನವ್ವಾ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ, ಮುಟ್ಟತೈತಿ ಎಂದೆ. ಅಂದು ರಾತ್ರಿ ಸ್ವಲ್ಪ ಅಂಬಲಿ ಕುಡಿದರು.

ಸೆಪ್ಟೆಂಬರಿನಿಂದ ಅವರಿಗೆ ಪೆನ್ಸಿಲ್ ಹಿಡಿಯಲು ಆಗಲಿಲ್ಲ. ಆ ಕ್ಯಾಲೆಂಡರ್ ಇನ್ನೂ ನಮ್ಮ ಗೋಡೆಯ ಮೇಲಿದೆ. ಅಲ್ಲಿಂದ ಮುಂದಿನ ಅಂಕಿಗಳೆಲ್ಲ, ಅವರು ತಂಬಿ ಎಂದು ಕರೆಯುತ್ತಿದ್ದ ನನ್ನ ಮೊಮ್ಮಗಳ ಅಕ್ಷರದಲ್ಲಿವೆ.